ಗೋಡೆಯ ಮೇಲಿನ ಸರ್ಟಿಫಿಕೇಟ್ ಗುಣಮಟ್ಟಕ್ಕೆ ಸಾಕ್ಷಿಯೇ?

ಗುಣಮಟ್ಟ ಎಂದರೆ ಯಂತ್ರ, ಅಳತೆ, ತರಬೇತಿ. ನೀತಿ ಎಂಬುದು ಮಾಲೀಕರ ಸ್ವಂತ ವಿಷಯ. ಬೆಂಗಳೂರಿನ ರಾಜಾಜಿನಗರದ ಕೈಗಾರಿಕಾ ವಸಾಹತಿನಿಂದ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯವರೆಗಿನ ವರ್ಕ್‌ಶಾಪ್‌ಗಳಲ್ಲಿ ಮಾತ್ರವಲ್ಲ, ದೊಡ್ಡ ಕಂಪನಿಗಳಲ್ಲೂ ಬೇರೂರಿರುವ ನಂಬಿಕೆ ಇದು. ಒಳ್ಳೆಯ ಸಿಎನ್‌ಸಿ ಯಂತ್ರ ತಂದು, ಗೇಜುಗಳನ್ನು ಕಾಲಕಾಲಕ್ಕೆ ಕ್ಯಾಲಿಬ್ರೇಟ್ ಮಾಡಿಸಿ, ಐಎಸ್‌ಒ 9001 ಸರ್ಟಿಫಿಕೇಟನ್ನು ಆಫೀಸಿನ ಗೋಡೆಗೆ ಹಾಕಿದರೆ ಕ್ವಾಲಿಟಿ ವಿಭಾಗದ ಕೆಲಸ ಮುಗಿಯಿತು ಎಂದು ಭಾವಿಸುವವರು ಬಹಳ. ಇದರಲ್ಲಿ ಅರ್ಧ ನಿಜವಿದೆ, ಅದಕ್ಕೇ ಇದು ಅಪಾಯಕಾರಿ. ಯಂತ್ರವೂ ತರಬೇತಿಯೂ ಬೇಕೇ ಬೇಕು. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ರಾಜಾಜಿನಗರದಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ), ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಬಲ್ಲ ಕುಶಲಿಗರನ್ನು ತಲೆಮಾರುಗಳಿಂದ ತಯಾರು ಮಾಡುತ್ತ ಬಂದಿದೆ. ಆದರೆ ಸರಿಯಾಗಿ ಅಳೆಯುವುದು ಒಂದು ಕೆಲಸ, ಅಳೆದದ್ದನ್ನು ಇದ್ದ ಹಾಗೆ ಬರೆಯುವುದು ಇನ್ನೊಂದು. ಮೊದಲನೆಯದನ್ನು ಕಲಿಸಬಹುದು. ಎರಡನೆಯದು ಆ ಕಾರ್ಖಾನೆಯಲ್ಲಿ ನಿಜ ಹೇಳಿದವನಿಗೆ ಏನಾಗುತ್ತದೆ ಎಂಬುದರ ಮೇಲೆ ನಿಂತಿದೆ.

ಒಂದು ಸಾಧಾರಣ ಶಾಫ್ಟನ್ನೇ ತೆಗೆದುಕೊಳ್ಳೋಣ. ಡ್ರಾಯಿಂಗ್ ಪ್ರಕಾರ ಅದರ ವ್ಯಾಸ 25.000 ಮಿ.ಮೀ. ಮೀರಬಾರದು, 24.979ಕ್ಕಿಂತ ಇಳಿಯಬಾರದು. ಮೈಕ್ರೋಮೀಟರ್ 24.974 ತೋರಿಸುತ್ತದೆ. ಹೊರಗೆ ಗಾಡಿ ಕಾಯುತ್ತಿದೆ, ಸರಕು ಸಂಜೆಯೊಳಗೆ ಹೋಗಲೇಬೇಕು. ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲಿ 24.980 ಎಂದು ಬೀಳುತ್ತದೆ. ವ್ಯತ್ಯಾಸ ಆರು ಮೈಕ್ರಾನ್, ತಲೆಗೂದಲಿನ ದಪ್ಪದ ಸುಮಾರು ಹತ್ತನೇ ಒಂದು ಭಾಗ. ಆ ಶಾಫ್ಟ್ ಚೆನ್ನಾಗಿ ಓಡಲೂಬಹುದು. ಆದರೆ ಆ ಗಳಿಗೆಯಿಂದ ರಿಪೋರ್ಟ್ ಏನನ್ನೂ ಹೇಳುವುದಿಲ್ಲ. ಟೂಲ್ ಸವೆದಿತ್ತೇ, ಯಾರೋ ಆಫ್‌ಸೆಟ್ ತಪ್ಪಾಗಿ ಕೊಟ್ಟಿದ್ದರೇ ಎಂಬ ಸುಳಿವು ಆ 24.974ರಲ್ಲಿತ್ತು, ಅದು ಅಳಿಸಿಹೋಯಿತು. ಅಮೆರಿಕದ ಎಂಜಿನಿಯರ್ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ಕಂಟ್ರೋಲ್ ಚಾರ್ಟ್ ಕೆಲಸ ಮಾಡುವುದೇ ಅಳತೆಗಳ ಏರಿಳಿತವನ್ನು ಓದಿ. ಹತ್ತು ತುಂಡಿಗೂ ಒಂದೇ ಅಂಕಿ ಬರೆದಿರುವ ರಿಪೋರ್ಟ್ ಕಂಡರೆ ಅನುಭವಿ ಆಡಿಟರ್ ಪೆನ್ನು ಕೆಳಗಿಡುತ್ತಾನೆ. ನಿಜವಾದ ಉತ್ಪಾದನೆ ಅಷ್ಟು ನೇರವಾಗಿ ಇರುವುದಿಲ್ಲ.

ಹಾಗಾದರೆ ಸರ್ಟಿಫಿಕೇಟ್ ಯಾತಕ್ಕೆ? ಐಎಸ್‌ಒ ಸಂಸ್ಥೆ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಕೊಡುವುದು ಬೇರೆ ಪ್ರಮಾಣೀಕರಣ ಏಜೆನ್ಸಿಗಳು. ಅವರು ನೋಡುವುದು ವ್ಯವಸ್ಥೆಯನ್ನು, ಅದೂ ಕೆಲವು ದಿನಗಳಲ್ಲಿ, ಕೆಲವು ದಾಖಲೆಗಳ ಸ್ಯಾಂಪಲ್ ಮೂಲಕ. ಪ್ರತಿ ತುಂಡೂ ಚೆನ್ನಾಗಿದೆ ಎಂದು ಆ ಹಾಳೆ ಹೇಳುವುದೇ ಇಲ್ಲ. ಗುಣಮಟ್ಟಕ್ಕೆ ಜಗತ್ತೇ ಮಾದರಿಯೆಂದು ತೋರಿಸುತ್ತಿದ್ದ ಜಪಾನಿನಲ್ಲಿ ಕೋಬೆ ಸ್ಟೀಲ್ ಕಂಪನಿ 2017ರ ಅಕ್ಟೋಬರ್‌ನಲ್ಲಿ, ತನ್ನ ಅಲ್ಯೂಮಿನಿಯಂ ಮತ್ತು ತಾಮ್ರದ ಸರಕುಗಳ ಪರೀಕ್ಷಾ ಅಂಕಿಗಳನ್ನು ತಿದ್ದಿದ್ದಾಗಿ ಒಪ್ಪಿಕೊಂಡಿತು. ಇಂಥ ಅಭ್ಯಾಸ 1970ರ ದಶಕದಿಂದಲೇ ಇತ್ತೆಂದು ಮರುವರ್ಷ ಅದರದೇ ವರದಿ ಹೇಳಿತು. ಅಲ್ಲಿ ಯಂತ್ರಗಳಿಗಾಗಲಿ ಲ್ಯಾಬಿಗಾಗಲಿ ಎಂಜಿನಿಯರುಗಳಿಗಾಗಲಿ ಕೊರತೆ ಇರಲಿಲ್ಲ.

ಕೆಟ್ಟ ಸರಕನ್ನು ಗಿರಾಕಿಯೇ ತಿರಸ್ಕರಿಸುತ್ತಾನೆ, ಮಾರುಕಟ್ಟೆಯೇ ನೀತಿ ಕಲಿಸುತ್ತದೆ ಎಂಬ ವಾದ ಕೇಳಲು ಸಮಂಜಸವೆನಿಸುತ್ತದೆ. ಆದರೆ ಅದು ಗಿರಾಕಿಯ ಕಣ್ಣಿಗೆ ಕಾಣುವ ದೋಷಕ್ಕೆ ಮಾತ್ರ ಸರಿ. ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ 1957ರಿಂದ ರಾಜಾಜಿನಗರದಲ್ಲಿದೆ. ಸೋಪು ಕೊಳ್ಳುವವರು ಶ್ರೀಗಂಧದ ಪರಿಮಳವನ್ನು ಮೂಗಿನಿಂದ ಗುರುತಿಸಿಯಾರು. ಭಾರತೀಯ ಮಾನಕ ಬ್ಯೂರೋದ ಲೆಕ್ಕದಲ್ಲಿ ಮೊದಲ ದರ್ಜೆಯ ಸ್ನಾನದ ಸೋಪಿಗೆ ಬೇಕಾದ ಶೇ 76ರಷ್ಟು ಕೊಬ್ಬಿನಂಶ ಇದೆಯೋ ಇಲ್ಲವೋ ಎಂದು ಬಚ್ಚಲುಮನೆಯಲ್ಲಿ ಪರೀಕ್ಷಿಸಲಾರರು. ಅಲ್ಲಿ ಅವರಿಗಿರುವುದು ನಂಬಿಕೆ ಮಾತ್ರ. ಹೀಗೆ ಕೊಳ್ಳುವವನಿಗೆ ತಿಳಿಯದ್ದು ಮಾರುವವನಿಗೆ ತಿಳಿದಿರುವ ಮಾರುಕಟ್ಟೆಯಲ್ಲಿ ಕೆಟ್ಟ ಸರಕೇ ಒಳ್ಳೆಯದನ್ನು ಓಡಿಸುತ್ತದೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲೇ ತೋರಿಸಿದರು. 2001ರ ಅರ್ಥಶಾಸ್ತ್ರದ ನೊಬೆಲ್ ಅವರಿಗೂ ಸಂದದ್ದು ಈ ವಿಚಾರಕ್ಕೇ. ಇನ್ನು, ಸಿದ್ಧ ಸೋಪು ಲ್ಯಾಬಿನಲ್ಲಿ ಪಾಸಾದರೆ ಸಾಕಲ್ಲ ಎನ್ನುವವರು ಖರೀದಿ ವಿಭಾಗವನ್ನು ಮರೆತಿರುತ್ತಾರೆ. ಮೈಸೂರು ಸ್ಯಾಂಡಲ್ ಸೋಪು ತಯಾರಿಸುವ ಇದೇ ಸಂಸ್ಥೆಯ ಕಚ್ಚಾವಸ್ತು ಟೆಂಡರ್‌ಗೆ ಸಂಬಂಧಿಸಿದ ಲಂಚದ ಆರೋಪದ ಮೇಲೆ 2023ರ ಮಾರ್ಚ್‌ನಲ್ಲಿ ಲೋಕಾಯುಕ್ತ ಪೊಲೀಸರು ದಾಳಿ ನಡೆಸಿದರು. ಆರೋಪದ ಸತ್ಯಾಸತ್ಯ ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆದರೆ ಯಾವುದೇ ಕಾರ್ಖಾನೆಯಲ್ಲಿ ಪೂರೈಕೆದಾರನ ಆಯ್ಕೆ ಸರಕಿನ ಗುಣ ನೋಡಿ ಆಗದೆ ಬೇರೆ ಕಾರಣಕ್ಕೆ ಆದರೆ, ಮುಂದಿನ ಪರೀಕ್ಷೆಗಳೆಲ್ಲ ತಡವಾದ ಪರೀಕ್ಷೆಗಳೇ.

ಗುಣಮಟ್ಟವೆಂದರೆ ಮಾರುವವ ಮತ್ತು ಕೊಳ್ಳುವವ ಇಬ್ಬರ ನಡುವಿನ ವ್ಯವಹಾರ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಸತುವಿನ ಲೇಪನ ಎಂಟು ಮೈಕ್ರಾನ್ ಬೇಕೆಂದರೆ ಎಂಟೇ ಕೊಟ್ಟ ಪ್ಲೇಟಿಂಗ್ ಘಟಕ, ಲೇಪನದ ನೀರನ್ನು ಸಂಸ್ಕರಿಸದೆ ಮೋರಿಗೆ ಬಿಟ್ಟರೆ ಗಿರಾಕಿಯ ಪುಸ್ತಕದಲ್ಲಿ ಅದಕ್ಕೆ ಪೂರ್ತಿ ಅಂಕ. ಆ ಮೋರಿ ಸೇರುವುದು ವೃಷಭಾವತಿಗೆ. ನಗರದ ಚರಂಡಿ ನೀರಿನ ಜೊತೆ ಕಾರ್ಖಾನೆಗಳ ರಾಸಾಯನಿಕವನ್ನೂ ಹೊತ್ತು ಮೈಸೂರು ರಸ್ತೆಯ ಪಕ್ಕದಲ್ಲೇ ಕೆಂಗೇರಿ ದಾಟಿ ಆ ನದಿ ಬೈರಮಂಗಲ ಕೆರೆಗೆ ಹೋಗುತ್ತದೆ. ರೈತರ ನೀರಾವರಿಗೆಂದು ಕಟ್ಟಿದ ಕೆರೆಯದು. ಆ ರೈತರು ಯಾವ ಕಂಪನಿಯ ಗಿರಾಕಿಗಳೂ ಅಲ್ಲ, ಆದರೂ ಆ ಸರಕಿನ ಬೆಲೆಯಲ್ಲಿ ಒಂದು ಪಾಲು ಕಟ್ಟುತ್ತಿರುವವರು ಅವರೇ. ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2016ರಲ್ಲಿ ತಂದ ಜೆಡ್ ಯೋಜನೆ ಶೂನ್ಯ ದೋಷದ ಪಕ್ಕದಲ್ಲೇ ಪರಿಸರಕ್ಕೆ ಶೂನ್ಯ ಹಾನಿಯನ್ನೂ ಇಟ್ಟಿದೆ, ಮತ್ತು ಅದು ನ್ಯಾಯವೇ.

ಇಷ್ಟೆಲ್ಲ ಕೇಳಿದ ಸಣ್ಣ ಉದ್ದಿಮೆದಾರರು ಎತ್ತುವ ಆಕ್ಷೇಪ ಗಟ್ಟಿಯಾದದ್ದು, ತಳ್ಳಿಹಾಕುವಂಥದ್ದಲ್ಲ. ಟೆಂಡರ್ ಹೋಗುವುದು ಎಲ್ಲರಿಗಿಂತ ಕಡಿಮೆ ದರ ಹಾಕಿದವನಿಗೆ. ಬಿಲ್ ಪಾಸಾಗಲು ತಿಂಗಳುಗಟ್ಟಲೆ ಬೇಕು. ಇದರ ನಡುವೆ ಪ್ರಾಮಾಣಿಕನಾಗಿರು ಎಂದರೆ ಅಂಗಡಿ ಮುಚ್ಚು ಎಂದ ಹಾಗೆ. ನಿಜ. ಅದಕ್ಕೇ ಇಲ್ಲಿ ನೀತಿಯ ಪ್ರಶ್ನೆ ಮೊದಲು ದೊಡ್ಡ ಕೊಳ್ಳುವವರನ್ನು ಕೇಳಬೇಕಾದದ್ದು. ಎಂಎಸ್‌ಎಂಇ ಕಾಯ್ದೆ 2006ರಲ್ಲೇ ಪಾವತಿಗೆ 45 ದಿನಗಳ ಗಡುವು ವಿಧಿಸಿದೆ. ಬರೀ ದರ ನೋಡಿ ಆರ್ಡರ್ ಕೊಡಬೇಡಿ, ಕೆಲಸದ ಜಾಗದಿಂದ ಭಯವನ್ನು ಓಡಿಸಿ ಎಂದು ಗುಣಮಟ್ಟ ತಜ್ಞ ಎಡ್ವರ್ಡ್ಸ್ ಡೆಮಿಂಗ್ ತಮ್ಮ 14 ಸೂತ್ರಗಳಲ್ಲಿ ಕಂಪನಿಗಳ ಆಡಳಿತಕ್ಕೆ ಹೇಳಿದ್ದರು, ಲೇತಿನ ಮುಂದೆ ನಿಂತವನಿಗಲ್ಲ. ವಿಜಯನಗರದಲ್ಲಿ ಕಚೇರಿ ಇರುವ ಕಾಸಿಯಾದಂಥ ಸಣ್ಣ ಕೈಗಾರಿಕೆಗಳ ಸಂಘಟನೆ ಪಾವತಿಯ ವಿಳಂಬವನ್ನು ಬರೀ ಹಣಕಾಸಿನ ಸಮಸ್ಯೆಯೆಂದಲ್ಲ, ಗುಣಮಟ್ಟದ ಸಮಸ್ಯೆಯೆಂದೇ ಮುಂದಿಟ್ಟರೆ ವಾದಕ್ಕೆ ಇನ್ನಷ್ಟು ಬಲ ಬರುತ್ತದೆ. ಇದರ ಜೊತೆಗೆ ಖರ್ಚೇ ಇಲ್ಲದ ಒಂದು ಬದಲಾವಣೆಯೂ ಇದೆ. ಹತ್ತು ತುಂಡು ಅಳತೆಗಿಂತ ಕಮ್ಮಿ ಬಂದಿವೆ ಎಂದು ವರ್ಕ್‌ಶಾಪಿನವರು ಸರಕು ಕಳಿಸುವ ಮೊದಲೇ ಫೋನ್ ಮಾಡಿದಾಗ, ಕಂಪನಿಯ ಖರೀದಿ ಅಧಿಕಾರಿ ದಂಡ ಹಾಕುವ ಬದಲು ಡ್ರಾಯಿಂಗ್ ತೆರೆದು, ಡಿಸೈನ್ ವಿಭಾಗದವರನ್ನು ಕೇಳಿ, ಒಪ್ಪಬಹುದಾದರೆ ಬರಹದಲ್ಲಿ ಒಪ್ಪಲಿ, ಆಗದಿದ್ದರೆ ಬೇರೆ ತುಂಡು ಮಾಡಿಕೊಡಲು ಎರಡು ದಿನ ಕೊಡಲಿ. ಹಾಗೆ ಮಾಡುವ ಕಂಪನಿಗೆ ಮುಂದಿನ ಲಾಟ್‌ನ ರಿಪೋರ್ಟಿನಲ್ಲಿ 24.974 ಇದ್ದರೆ 24.974 ಎಂದೇ ಬರುತ್ತದೆ.