ಅಣ್ಣತಮ್ಮರ ಜಗಳವೂ ಹತ್ತೊಂಬತ್ತು ವರ್ಷದ ಮೌನವೂ

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಸ್ಕಾಟ್ಲೆಂಡಿನ ವಿಲಿಯಂ ರೀಡ್ ಮತ್ತು ಜಿಮ್ ರೀಡ್ ನಡುವೆ ಇದ್ದದ್ದು ಹೊಲಮನೆಯಲ್ಲ, ಒಂದು ರಾಕ್ ಬ್ಯಾಂಡ್. ಹೆಸರು ‘ದ ಜೀಸಸ್ ಅಂಡ್ ಮೇರಿ ಚೈನ್’.

ಗ್ಲಾಸ್ಗೋ ಪಕ್ಕದ ಈಸ್ಟ್ ಕಿಲ್‌ಬ್ರೈಡ್ ಅವರ ಊರು. ಕಾರ್ಖಾನೆ ಕೆಲಸ ಹೋದಾಗ ಅಪ್ಪನ ಕೈಗೆ ಬಂದ ಪರಿಹಾರದ ಹಣದಲ್ಲಿ 300 ಪೌಂಡ್ ಮಕ್ಕಳ ಪಾಲಾಯಿತು. ಅವರು ಕೊಂಡದ್ದು ಕ್ಯಾಸೆಟ್ಟಿನ ಮೇಲೆ ಹಾಡು ಮುದ್ರಿಸುವ ಪೋರ್ಟಾಸ್ಟುಡಿಯೊ. 1985ರಲ್ಲಿ ಬಂದ ‘ಸೈಕೋಕ್ಯಾಂಡಿ’ ಆಲ್ಬಮ್ಮನ್ನು ಮೊದಲ ಸಲ ಕೇಳಿದವರು ಸ್ಪೀಕರ್ ಕೆಟ್ಟಿದೆಯೇನೋ ಎಂದುಕೊಂಡರೆ ತಪ್ಪಿಲ್ಲ. ಸಭೆಯಲ್ಲಿ ಮೈಕ್ ಇದ್ದಕ್ಕಿದ್ದಂತೆ ಕುಂಯ್ ಎಂದು ಕಿರಿಚುತ್ತದಲ್ಲ, ಆ ಫೀಡ್‌ಬ್ಯಾಕನ್ನೇ ಗಿಟಾರಿನಿಂದ ಬೇಕೆಂದೇ ಹೊರಡಿಸಿ, ಅದರಡಿ ಅರವತ್ತರ ದಶಕದ ಹುಡುಗಿಯರ ತಂಡಗಳ ಧಾಟಿಯ ಜೇನಿನಂಥ ರಾಗ ಹೂತಿಟ್ಟಿದ್ದರು. ವೇದಿಕೆಯಲ್ಲಿ ಜನರಿಗೆ ಬೆನ್ನು ತಿರುಗಿಸಿ ಇಪ್ಪತ್ತೇ ನಿಮಿಷ ನುಡಿಸಿ ಇಳಿದುಬಿಡುತ್ತಿದ್ದರು. ರೇಗಿದ ಜನ ಕೈಗೆ ಸಿಕ್ಕಿದ್ದನ್ನು ಒಡೆದುಹಾಕಿದ್ದೂ ಉಂಟು.

ಮುಂದಿನದು ಕುಡಿತ, ಜಗಳ, ಮತ್ತೆ ಜಗಳ. 1998ರಲ್ಲಿ ಲಾಸ್ ಏಂಜಲೀಸ್‌ನ ಕಛೇರಿ ಅರ್ಧಕ್ಕೇ ಮುರಿದುಬಿತ್ತು. ಅಣ್ಣ ವಿಲಿಯಂ ಪ್ರವಾಸ ಬಿಟ್ಟು ನಡೆದ. ಮರುವರ್ಷ ಬ್ಯಾಂಡೇ ಇಲ್ಲವಾಯಿತು.

2007ರಲ್ಲಿ ಅಮೆರಿಕದ ಕೋಚೆಲ್ಲಾ ಉತ್ಸವದಲ್ಲಿ ಇಬ್ಬರೂ ಒಂದೇ ವೇದಿಕೆ ಹತ್ತಿದರು. ಹಳೆಯ ಹಾಡು ನುಡಿಸಲು ಅಷ್ಟು ರಾಜಿ ಸಾಕು. ಸ್ಟುಡಿಯೊದಲ್ಲಿ ವಾರಗಟ್ಟಲೆ ಮುಖ ನೋಡಿಕೊಂಡು ಕೂರಬೇಕಲ್ಲ, ಜಿಮ್‌ಗೆ ಅಳುಕಿದ್ದದ್ದೇ ಅಲ್ಲಿ. ಹೀಗೆ ಇನ್ನೂ ಹತ್ತು ವರ್ಷ ಉರುಳಿ, 2017ರ ಮಾರ್ಚ್‌ನಲ್ಲಿ ‘ಡ್ಯಾಮೇಜ್ ಅಂಡ್ ಜಾಯ್’ ಬಂತು. 1998ರ ‘ಮಂಕಿ’ಯ ನಂತರದ ಮೊದಲ ಆಲ್ಬಮ್. ಹೆಚ್ಚಾಗಿ ತಾವೇ ನಿರ್ಮಾಪಕರಾಗಿರುತ್ತಿದ್ದ ಸೋದರರು ಈ ಸಲ ‘ಕಿಲ್ಲಿಂಗ್ ಜೋಕ್’ ಬ್ಯಾಂಡಿನ ಯೂತ್ ಎಂಬಾತನನ್ನು ಕರೆದರು. ಆತನಿಗೆ ಧ್ವನಿ ಹದಗೊಳಿಸುವ ಕೆಲಸ ಎಷ್ಟೋ, ಪಂಚಾಯಿತಿಯೂ ಅಷ್ಟೇ.

ಆಲ್ಬಮ್ಮಿನ ಹೆಸರಲ್ಲೇ ಒಂದು ಕುಹಕವಿದೆ. ಬೇರೆಯವರ ಕೇಡು ಕಂಡು ಒಳಗೊಳಗೇ ಹಿಗ್ಗುವುದಕ್ಕೆ ಜರ್ಮನ್ನಿನಲ್ಲಿ ‘ಶಾಡೆನ್‌ಫ್ರಾಯ್ಡ’ ಎನ್ನುತ್ತಾರೆ. ಆ ಪದವನ್ನು ಎರಡಾಗಿ ಸೀಳಿದರೆ ಕೇಡು, ಖುಷಿ; ಇಂಗ್ಲಿಷಿನಲ್ಲಿ ಡ್ಯಾಮೇಜ್, ಜಾಯ್. ‘ಫೇಸಿಂಗ್ ಅಪ್ ಟು ದ ಫ್ಯಾಕ್ಟ್ಸ್’ ಹಾಡಿನಲ್ಲಂತೂ ಅಣ್ಣತಮ್ಮರ ಹಗೆಯನ್ನು ಮುಚ್ಚುಮರೆಯಿಲ್ಲದೆ ಹಾಡಿಕೊಂಡಿದ್ದಾರೆ.

ಈ ಆಲ್ಬಮ್ ‘ಸೈಕೋಕ್ಯಾಂಡಿ’ಯ ಎತ್ತರದ್ದಲ್ಲ. ಹದಿನಾಲ್ಕರಲ್ಲಿ ಹಲವು ಹಾಡುಗಳು ಮೊದಲೇ ಬೇರೆ ರೂಪದಲ್ಲಿ ಬಂದಿದ್ದವು. ನಿನ್ನೆಯ ಅನ್ನಕ್ಕೆ ಒಗ್ಗರಣೆ ಬಿದ್ದಂತೆ ಅಲ್ಲಲ್ಲಿ ಅನಿಸುತ್ತದೆ. ಆದರೆ ಹೆಣ್ಣು ದನಿ ಸೇರಿದಲ್ಲೆಲ್ಲ ಆಲ್ಬಮ್ ಚಿಗುರುತ್ತದೆ. ‘ಬೆಲ್ ಅಂಡ್ ಸೆಬಾಸ್ಟಿಯನ್’ ಬ್ಯಾಂಡಿನಲ್ಲಿದ್ದ ಇಸೊಬೆಲ್ ಕ್ಯಾಂಪ್‌ಬೆಲ್ ಜಿಮ್ ಜೊತೆ ಹಾಡಿದ ‘ಸಾಂಗ್ ಫಾರ್ ಎ ಸೀಕ್ರೆಟ್’ ಕೇಳಿ. ಆ ಗಡಸು ಗಂಟಲು ಎಷ್ಟು ಮೆತ್ತಗಾಗಿದೆ!

ಕೊನೆಯ ಹಾಡು ‘ಕಾಂಟ್ ಸ್ಟಾಪ್ ದ ರಾಕ್’ ಹೊಸದಲ್ಲ. ತಂಗಿ ಲಿಂಡಾ ‘ಸಿಸ್ಟರ್ ವೆನಿಲ್ಲಾ’ ಎಂಬ ಹೆಸರಿನಲ್ಲಿ ತಂದ ಆಲ್ಬಮ್ಮಿನದು. ಬ್ಯಾಂಡ್ ಇಲ್ಲದ ಆ ವರ್ಷಗಳಲ್ಲೂ ಅವಳ ಹಾಡುಗಳಿಗೆ ಅಣ್ಣಂದಿರಿಬ್ಬರೂ ಕೈಜೋಡಿಸಿದ್ದರು. ಇಲ್ಲಿ ಅದೇ ಹಾಡಿನಲ್ಲಿ ಲಿಂಡಾಳ ದನಿ ಮತ್ತೆ ಕೇಳಿಸುತ್ತದೆ, ಈ ಸಲ ಅಣ್ಣಂದಿರ ಬ್ಯಾಂಡಿನ ಹೆಸರಿನಲ್ಲಿ.