ಮುರಕಲ್ಲಿನ ಗುಡ್ಡ, ಸುರಂಗದ ನೀರು: ಒಂದು ದಿನದ ಪಾಠ

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಶಿಲೆಗಳ ಪಾಠ ಒಂದು ತಿಂಗಳು ಬಂದರೆ ಭೂಸುಧಾರಣೆಯ ಪಾಠ ಇನ್ನಾವುದೋ ತಿಂಗಳು ಬರುತ್ತದೆ. ಎರಡೂ ಒಂದೇ ನೆಲಕ್ಕೆ ಸೇರಿದ ವಿಷಯಗಳೆಂಬುದು ವಿದ್ಯಾರ್ಥಿಗೆ ಹೊಳೆಯದೆ ಹೋಗುತ್ತದೆ. ಕಾಸರಗೋಡಿನ ಅಧ್ಯಾಪಕರು ವರ್ಷಕ್ಕೊಂದು ದಿನವಾದರೂ ಇವನ್ನು ಶಾಲೆಯ ಹತ್ತಿರದ ಗುಡ್ಡದಲ್ಲಿ ಕೂಡಿಸಬಹುದು.

ಬೆಳಗಿನ ಪಾಠ ಕಲ್ಲಿನಿಂದ ತೊಡಗಲಿ. ಪಠ್ಯದಲ್ಲಿರುವ 'ಲ್ಯಾಟರೈಟ್' ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಇಂದಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪ್ಪುರಂನಲ್ಲಿ ಜನರು ಇದನ್ನು ಕಡಿದು ಮನೆ ಕಟ್ಟುತ್ತಿದ್ದುದನ್ನು ಕಂಡ ಆತ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಹೆಸರನ್ನು ರೂಪಿಸಿ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಬಳಸಿದನು. ಕನ್ನಡದ 'ಜಂಬಿಟ್ಟಿಗೆ'ಯಲ್ಲಿಯೂ ಇಟ್ಟಿಗೆಯೇ ಕೇಳಿಸುತ್ತದೆ. ಮಕ್ಕಳ ಬಾಯಲ್ಲಿರುವುದಾದರೋ ಮುರಕಲ್ಲು ಅಥವಾ ಕೆಂಪುಕಲ್ಲು. ಮಲಯಾಳವನ್ನಾಡುವ ನೆರೆಯವರಿಗೆ ಅದು ಚೆಂಕಲ್ಲು. ಇವೆಲ್ಲವನ್ನೂ ಕರಿಹಲಗೆಯ ಮೇಲೆ ಬರೆಯಬೇಕು. ಮನೆಯ ಮಾತು ತಪ್ಪು, ಪುಸ್ತಕದ ಮಾತು ಸರಿ ಎಂಬ ಭಾವನೆ ಹುಟ್ಟಿದರೆ ಮಗು ತನಗೆ ತಿಳಿದುದನ್ನೂ ಹೇಳದೆ ಸುಮ್ಮನಾಗುತ್ತದೆ.

ಬಿಸಿಲು, ಮಳೆಗಳು ಪರ್ಯಾಯವಾಗಿ ಬರುವ ಪ್ರದೇಶದಲ್ಲಿ ಮೂಲಶಿಲೆ ಶಿಥಿಲಗೊಂಡು, ಕರಗುವ ಲವಣಗಳೂ ಸಿಲಿಕಾದ ಬಹುಭಾಗವೂ ನೀರಿನೊಡನೆ ಇಳಿದುಹೋಗುತ್ತವೆ. ಉಳಿಯುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳೇ ಮುರಕಲ್ಲಿಗೆ ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತವೆ. ನೆಲದಿಂದ ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಒಣಗಿದಂತೆ ಗಟ್ಟಿಯಾಗುವುದು ಅದರ ಗುಣ. ಬೇಕಲದ ಕೋಟೆಯೂ ಇದೇ ಕಲ್ಲಿನದು. ಸರಿಸುಮಾರು ಒಂದೇ ತೂಕದ ಮುರಕಲ್ಲು ಹಾಗೂ ಕಗ್ಗಲ್ಲಿನ ಒಣ ತುಂಡುಗಳನ್ನು ತೂಗಿ, ಮಧ್ಯಾಹ್ನದವರೆಗೆ ನೀರಿನಲ್ಲಿಟ್ಟು ಮತ್ತೆ ತೂಗಿಸಬೇಕು. ಮುರಕಲ್ಲು ಕುಡಿದ ನೀರು ತಕ್ಕಡಿಯಲ್ಲೇ ಕಾಣುತ್ತದೆ.

ಇಷ್ಟಾದ ಮೇಲೆ ಪ್ರಶ್ನೆ ಕೇಳಬೇಕು: ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಬೇಸಗೆಗೆ ಅಡಿಕೆತೋಟ ಒಣಗುವುದೇಕೆ? ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಗಿಯುತ್ತದೆ. ನದಿಗಳು ಗಿಡ್ಡ, ಇಳಿಜಾರು ಕಡಿದು. ರಂಧ್ರಮಯವಾದ ಮುರಕಲ್ಲು ನೀರನ್ನು ಬೇಗನೆ ಹೀರಿ ಕೆಳಕ್ಕೆ ಬಿಡುತ್ತದೆ.

ಮಧ್ಯಾಹ್ನದ ಪಾಠಕ್ಕೆ ಇಲ್ಲಿಂದಲೇ ದಾರಿ. ಗುಡ್ಡದ ಒಡಲಲ್ಲಿ ಇಳಿಯುವ ಆ ನೀರನ್ನು ಹಿಡಿಯಲು ಬಾಯಾರು, ಎಣ್ಮಕಜೆ ಮೊದಲಾದ ಕಡೆಗಳಲ್ಲಿ ಜನರು ಕೊರೆದುದೇ ಸುರಂಗ. ಒಬ್ಬನು ನಿಂತು ಪಿಕ್ಕಾಸು ಬೀಸುವಷ್ಟೇ ಎತ್ತರ, ಅಗಲ. ಹೊರಬಾಯಿಯತ್ತ ತುಸುವೇ ಇಳಿಜಾರು. ನೀರು ತಾನಾಗಿ ಹರಿದು ಮಣ್ಣಿನ ಕೆರೆ ಸೇರುತ್ತದೆ, ಪಂಪು ಬೇಡ. ಒಳಗೆ ಒಯ್ದ ದೀಪ ಮಂಕಾದರೆ ಗಾಳಿ ಸಾಲದೆಂದು ತಿಳಿದು ಹೊರಬರುತ್ತಿದ್ದರು. ಇರಾನಿನ ಖನಾತ್‌ಗಳೊಡನೆ ಇದನ್ನು ಹೋಲಿಸುವುದುಂಟು. ಆದರೆ ಅವು ಸಾಲು ಸಾಲಾದ ಲಂಬ ಬಾವಿಗಳ ಮೂಲಕ ಮೈಲುಗಟ್ಟಲೆ ಸಾಗುವಂಥವು, ಇವು ಹೆಚ್ಚಾಗಿ ಒಂದು ಮನೆಯ, ಒಂದು ತೋಟದ ಅಳತೆಯವು.

ಇಲ್ಲಿ ಕಾನೂನೂ ಪ್ರವೇಶಿಸುತ್ತದೆ. ಹಳೆಯ ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಯ ಒಕ್ಕಲುಗಳಿದ್ದವು. ಎಬ್ಬಿಸಲ್ಪಡುವ ಭಯದಲ್ಲಿದ್ದ ಚಾಲಗೇಣಿಯವನು ತಿಂಗಳುಗಟ್ಟಲೆ ದುಡಿದು ಸುರಂಗ ಕೊರೆದಾನೇ? ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ರದ್ದಾಗಿ, ಉಳುವವನಿಗೆ ಭೂಮಿಯ ಹಕ್ಕು ಬಂದ ಮೇಲೆ ಈ ಲೆಕ್ಕ ಹೇಗೆ ಬದಲಾಯಿತು? ಉತ್ತರವನ್ನು ಅಧ್ಯಾಪಕರು ಬರೆಯಿಸಬಾರದು; ಮಕ್ಕಳು ಅಜ್ಜ ಅಜ್ಜಿಯರಲ್ಲಿ ಕೇಳಿ ತರಲಿ. ತಮ್ಮ ಮನೆಯ ಸುರಂಗವನ್ನು ಕೊರೆದವರು ಯಾರು, ಕೂಲಿ ಏನು, ನೀರಿನಲ್ಲಿ ನೆರೆಯವರಿಗೆ ಪಾಲಿತ್ತೇ, ಕೊಳವೆಬಾವಿ ಬಂದ ಮೇಲೆ ಹರಿವು ಕುಗ್ಗಿತೇ ಎಂಬುದನ್ನು ಗುರುತಿಸಿಕೊಳ್ಳಲಿ. ಕೊರೆದ ಕೈಗಳು ಮುಪ್ಪಾಗುತ್ತಿರುವುದರಿಂದ ಇದನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವಂತಿಲ್ಲ.

ಸಂದರ್ಶನದಲ್ಲಿ ಯಾರನ್ನೂ ಸುರಂಗದೊಳಗೆ ಬಿಡಕೂಡದು. ಮಣ್ಣು ಕುಸಿಯಬಹುದು, ಹಾವುಗಳಿರಬಹುದು, ಗಾಳಿ ಸಾಲದಿರಬಹುದು. ಹೊರಬಾಯಿಯಲ್ಲಿ ನಿಂತು, ಒಂದು ಕೊಡ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ನೋಡಿ ಬರೆದುಕೊಂಡರೆ ಸಾಕು. ಅದೇ ಅಳತೆಯನ್ನು ಡಿಸೆಂಬರಿನಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ ತೆಗೆದು ಎರಡು ಅಂಕೆಗಳನ್ನೂ ಗೋಡೆಯ ನಕ್ಷೆಯಲ್ಲಿ, ಆ ಸುರಂಗಕ್ಕೆ ಮನೆಯವರು ಹೇಳುವ ಹೆಸರಿನ ಪಕ್ಕದಲ್ಲಿ ತುಂಬಿಸಬೇಕು.