ದೇವರಕಾಡು ಮತ್ತು ಪ್ರಾಥಮಿಕ ಶಾಲೆಯ ಪಾಠಗಳು

ಪಠ್ಯವಿಷಯಗಳನ್ನು ಶಾಲಾ ಕೊಠಡಿಯ ಆಚೆಗೆ, ನಿಸರ್ಗದ ನಡುವೆ ಕಲಿಸಬೇಕೆಂಬ ವಿಚಾರ ನಮ್ಮಲ್ಲಿ ಹೊಸದೇನಲ್ಲ. 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆಯನ್ನು ಆರಂಭಿಸಿದ ರವೀಂದ್ರನಾಥ ಠಾಕೂರರು ಮರದ ನೆರಳನ್ನೇ ತರಗತಿಯಾಗಿಸಿದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣ ಕುರಿತ ಪ್ರಯೋಗಗಳನ್ನು ನಡೆಸಿದರು. ಶಾಲೆಯ ಜ್ಞಾನವನ್ನು ಹೊರಗಿನ ಬದುಕಿನೊಡನೆ ಬೆಸೆಯಬೇಕೆಂಬುದನ್ನು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತನ್ನ ಮಾರ್ಗದರ್ಶಿ ತತ್ತ್ವಗಳಲ್ಲಿ ಒಂದಾಗಿ ಸ್ವೀಕರಿಸಿತು. ಆದರೆ ಹೊರಗಿನ ನಿಸರ್ಗವನ್ನು ಕೇವಲ ಗಿಡಮರಗಳ ತಾಣವೆಂದು ಭಾವಿಸಿದರೆ ಈ ತತ್ತ್ವ ಅರ್ಧಕ್ಕೇ ನಿಲ್ಲುತ್ತದೆ. ಜಾನಪದದ ದೃಷ್ಟಿಯಲ್ಲಿ ಒಂದು ಊರಿನ ಕಾಡು ಎಂದರೆ ಹೆಸರು, ಕಥೆ, ಕಟ್ಟುಪಾಡುಗಳಿಂದ ರೂಪುಗೊಂಡ ಜ್ಞಾನವ್ಯವಸ್ಥೆ. ಕೊಡಗಿನ ದೇವರಕಾಡನ್ನು ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೇವರಕಾಡಿನ ಸ್ವರೂಪ

ಕೊಡಗು ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಇವುಗಳಲ್ಲಿ ಬಹುಪಾಲು ಕೆಲವೇ ಎಕರೆ ವಿಸ್ತಾರದವು. ಅಯ್ಯಪ್ಪ, ಭಗವತಿ, ಮಹಾದೇವ ಮೊದಲಾದ ದೈವಗಳಿಗೆ ಮೀಸಲಾದ ಈ ಕಾಡುಗಳಲ್ಲಿ ಮರ ಕಡಿಯುವುದು ನಿಷಿದ್ಧ. ಅಯ್ಯಪ್ಪನ ಕಾಡುಗಳಲ್ಲಿ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳನ್ನು ಕಾಣಬಹುದು. ವಾರ್ಷಿಕ ಹಬ್ಬದಲ್ಲಿ ಊರಿನ ಬೇರೆ ಬೇರೆ ಸಮುದಾಯಗಳಿಗೆ ನಿಗದಿತ ಪಾತ್ರಗಳಿವೆ. ದಾಖಲೆಗಳ ಪ್ರಕಾರ, 1905ರಲ್ಲಿ ಸುಮಾರು 6,277 ಹೆಕ್ಟೇರುಗಳಷ್ಟಿದ್ದ ದೇವರಕಾಡುಗಳ ವಿಸ್ತೀರ್ಣ 1985ರ ವೇಳೆಗೆ ಸುಮಾರು 2,550 ಹೆಕ್ಟೇರುಗಳಿಗೆ ಕುಸಿದಿತ್ತು. ಒತ್ತುವರಿ ಹಾಗೂ ಕಾಫಿ ತೋಟಗಳ ವಿಸ್ತರಣೆ ಇದಕ್ಕೆ ಮುಖ್ಯ ಕಾರಣಗಳು.

ಗಣಿತ ಮತ್ತು ಪರಿಸರ ಅಧ್ಯಯನ

ಕಾಡಿನ ಅಂಚಿನ ಮರವೊಂದರ ಸುತ್ತಳತೆಯನ್ನು ಮಕ್ಕಳು ಮೊದಲು ಗೇಣು, ಮೊಳಗಳಲ್ಲಿ ಅಳೆಯಲಿ. ಒಂದೇ ಮರಕ್ಕೆ ಹಲವು ಉತ್ತರಗಳು ಬಂದಾಗ ಸರ್ವಸಮ್ಮತವಾದ ಅಳತೆ ಏಕೆ ಬೇಕೆಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಬಳಿಕ ಹಗ್ಗ ಮತ್ತು ಮೀಟರ್ ಪಟ್ಟಿಯಿಂದ ಅಳೆದು, ಸುತ್ತಳತೆಯನ್ನು ಮೂರರಿಂದ ಭಾಗಿಸಿದರೆ ಮರದ ಅಂದಾಜು ದಪ್ಪ ದೊರೆಯುತ್ತದೆ. ಒಂದು ಮೀಟರ್ ಚೌಕದ ಹಗ್ಗವನ್ನು ನೆಲದ ಮೇಲಿಟ್ಟು, ಅದರೊಳಗಿನ ಸಸಿಗಳನ್ನು ಎಣಿಸಿ, ಅದೇ ಎಣಿಕೆಯನ್ನು ಶಾಲೆಯ ಅಂಗಳದಲ್ಲಿಯೂ ಮಾಡಿದರೆ ಹೋಲಿಕೆಯ ಕೋಷ್ಟಕ ಸಿದ್ಧವಾಗುತ್ತದೆ. ಎರಡೂ ತುದಿ ತೆರೆದ ಡಬ್ಬಿಯನ್ನು ಮಣ್ಣಿಗೆ ಒತ್ತಿ, ಒಂದು ಲೀಟರ್ ನೀರೆರೆದು, ಅದು ಇಂಗಲು ಬೇಕಾದ ಸಮಯವನ್ನು ಗುರುತಿಸಬಹುದು. ತುಳಿದು ಗಟ್ಟಿಯಾದ ಅಂಗಳಕ್ಕಿಂತ ತರಗೆಲೆ ಮುಚ್ಚಿದ ಸಡಿಲ ಮಣ್ಣು ನೀರನ್ನು ಬೇಗ ಹೀರುತ್ತದೆ. ಕಾಡಿಗೂ ಕೆಳಗಿನ ಗದ್ದೆಯ ನೀರಿಗೂ ಇರುವ ನಂಟು ಹೀಗೆ ಮಕ್ಕಳ ಕಣ್ಣಿಗೆ ಗೋಚರಿಸುತ್ತದೆ.

ಜನಪದ ಪಂಚಾಂಗವೂ ಪಾಠವಾಗಬಲ್ಲದು. ಕಕ್ಕಡ ಮಾಸದ 18ನೆಯ ದಿನ, ಅಂದರೆ ಆಗಸ್ಟ್ ಆರಂಭದಲ್ಲಿ, ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಅಂದು ಆ ಸೊಪ್ಪಿನಲ್ಲಿ 18 ಬಗೆಯ ಔಷಧಿಗಳು ಸೇರಿರುತ್ತವೆಂಬುದು ನಂಬಿಕೆ. ಸೊಪ್ಪನ್ನು ಕುದಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆಂಬುದು ಯಾರೂ ನೋಡಬಹುದಾದ ಸಂಗತಿ. ಹಿರಿಯರು ಹೇಳಿದ್ದನ್ನು ಒಂದು ಪುಟದಲ್ಲಿಯೂ ತಾವು ಕಂಡದ್ದನ್ನು ಇನ್ನೊಂದು ಪುಟದಲ್ಲಿಯೂ ಬರೆಯುವ ವಿದ್ಯಾರ್ಥಿ, ನಂಬಿಕೆಯನ್ನು ಹೀಗಳೆಯದೆ ಅದನ್ನು ವೀಕ್ಷಣೆಯಿಂದ ಬೇರ್ಪಡಿಸಲು ಕಲಿಯುತ್ತಾನೆ.

ಭಾಷೆ ಮತ್ತು ಸಮಾಜ

ಕೊಡಗಿನ ಶಾಲೆಗೆ ಬರುವ ಮಕ್ಕಳ ಮನೆಮಾತು ಕೊಡವ, ಅರೆಭಾಷೆ, ಯರವ, ಕುರುಬ, ತುಳು, ಮಲಯಾಳಂ ಹೀಗೆ ಹಲವು. ಕನ್ನಡ ಪಠ್ಯದ ಕಳಲೆ ಕೊಡವ ಮಗುವಿಗೆ ಬೈಂಬಳೆ. ಒಂದೇ ಸಸ್ಯದ ಎಲ್ಲ ಹೆಸರುಗಳನ್ನು ಸಂಗ್ರಹಿಸಿ ಪದಕೋಶ ಕಟ್ಟುವುದು, ಕಾಡಿನ ಕಥೆಯನ್ನು ಅಜ್ಜಿಯಿಂದ ಕೇಳಿ ಕನ್ನಡದಲ್ಲಿ ಬರೆಯುವುದು ಉತ್ತಮ ಭಾಷಾಭ್ಯಾಸ. ಇದಕ್ಕಿಂತ ಮಹತ್ವದ ಅಂಶವೊಂದಿದೆ. ಪುಸ್ತಕದ ಭಾಷೆಯ ಮುಂದೆ ಮೌನವಾಗುವ ಯರವ ಅಥವಾ ಜೇನುಕುರುಬ ಮಗುವಿಗೆ ಕಾಡಿನ ಅಂಚಿನಲ್ಲಿ ಹೇಳುವುದಕ್ಕೆ ಬಹಳಷ್ಟಿರುತ್ತದೆ. ಆ ಮಗುವಿನ ಮಾತು ತರಗತಿಯಲ್ಲಿ ಅಧಿಕೃತ ಜ್ಞಾನವಾಗಿ ದಾಖಲಾದಾಗ ಕಲಿಸುವವರು ಮತ್ತು ಕಲಿಯುವವರ ಸ್ಥಾನಗಳು ತುಸುವಾದರೂ ಬದಲಾಗುತ್ತವೆ.

ಮಿತಿಗಳು ಮತ್ತು ಕಟ್ಟುಪಾಡು

ದೇವರಕಾಡು ಪ್ರಯೋಗಾಲಯವಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಊರಿನವರ ಒಪ್ಪಿಗೆಯಿಲ್ಲದೆ ಪಾಠ ಆರಂಭವಾಗಕೂಡದು. ಕೆಲವು ಕಾಡುಗಳಲ್ಲಿ ಸ್ತ್ರೀಯರ ಪ್ರವೇಶಕ್ಕೆ ನಿರ್ಬಂಧವಿದೆ. ಹುಡುಗಿಯರನ್ನು ಹೊರಗೆ ನಿಲ್ಲಿಸಿ ಹುಡುಗರಿಗೆ ಮಾತ್ರ ಪಾಠ ಮಾಡುವುದನ್ನು ಯಾವ ಶಾಲೆಯೂ ಒಪ್ಪಲಾಗದು. ಅಂಥಲ್ಲಿ ಎಲ್ಲ ಮಕ್ಕಳೂ ಅಂಚಿನಲ್ಲಿಯೇ ಕಲಿಯುವುದು, ಇಲ್ಲವೇ ಬೇರೆ ತಾಣವನ್ನು ಆರಿಸಿಕೊಳ್ಳುವುದು ಸೂಕ್ತ. ಆ ನಿರ್ಬಂಧದ ಬಗ್ಗೆ ಮಕ್ಕಳು ಕೇಳುವ ಪ್ರಶ್ನೆಗಳನ್ನು ಅಧ್ಯಾಪಕರು ಅದುಮಲೂಬಾರದು.

ಇನ್ನು, ಎಲೆಯನ್ನೂ ಕೀಳಬಾರದೆಂಬ ಕಟ್ಟುಪಾಡು ಪಾಠಕ್ಕೆ ಅಡ್ಡಿಯೆಂದು ತೋರಬಹುದು. ವಾಸ್ತವವಾಗಿ ಅದೇ ಈ ಪಾಠದ ತಿರುಳು. ಕಿತ್ತು ತಂದು ಪುಸ್ತಕಕ್ಕೆ ಅಂಟಿಸುವ ಅವಕಾಶವಿಲ್ಲದಾಗ ಮಗು ನಿಂತು ನೋಡಬೇಕಾಗುತ್ತದೆ, ಚಿತ್ರ ಬರೆಯಬೇಕಾಗುತ್ತದೆ, ಮತ್ತೊಂದು ಋತುವಿನಲ್ಲಿ ಅಲ್ಲಿಗೇ ಮರಳಿ ಬರಬೇಕಾಗುತ್ತದೆ. ಪಡೆಯದೆಯೇ ಅರಿಯುವ ಈ ಶಿಸ್ತನ್ನು ಜನಪದರು ದೈವದ ಭಯಭಕ್ತಿಯ ಮೂಲಕ ಕಾಪಾಡಿಕೊಂಡು ಬಂದರು. ಭಯ ಸಡಿಲವಾಗಿರುವ ಇಂದು ಅದನ್ನು ತಿಳಿವಿನ ಮೂಲಕ ಮುಂದುವರಿಸುವ ಹೊಣೆ ಶಾಲೆಯ ಮೇಲಿದೆ.

ಜಾನಪದ ವಿದ್ವಾಂಸರಿಗೂ ಇಲ್ಲಿ ಕರ್ತವ್ಯವಿದೆ. ದೇವರಕಾಡಿನ ಕಥೆ, ಸಸ್ಯನಾಮ, ಆಚರಣೆಗಳ ಸಂಗ್ರಹ ಗ್ರಂಥಾಲಯದ ಕಪಾಟಿನಲ್ಲಿ ಉಳಿದರೆ ಅದು ದಾಖಲೆ ಮಾತ್ರ. ಆಯಾ ಊರಿನ ಸಾಮಗ್ರಿ ಆಯಾ ಊರಿನ ಶಾಲೆಗೆ ಸರಳ ರೂಪದಲ್ಲಿ ಹಿಂತಿರುಗಬೇಕು. ತನ್ನ ಊರಿನ ಕಾಡಿನ ಮರಗಳನ್ನು ಹೆಸರು ಹಿಡಿದು ಕರೆಯಬಲ್ಲ ಮಗು, ಮುಂದೆ ಅದರ ಗಡಿ ಒಂದು ಮಾರು ಒಳಸರಿದರೂ ಗುರುತಿಸಬಲ್ಲದು.